ಗಂಡು ಮಕ್ಕಳ ಶಾಲಾ ದಾಖಲಾತಿಯನ್ನು ದೇಶ ದೇಶಗಳ ನಡುವೆ ಹೋಲಿಸುವುದು ಹೇಗೆ?

ಮೈಸೂರು, ಮಂಡ್ಯ ಕಡೆಯ ಬಿ.ಎಡ್ ವಿದ್ಯಾರ್ಥಿಗಳು ಮತ್ತು ಮೇಷ್ಟ್ರುಗಳು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: "ಬೇರೆ ದೇಶಗಳಲ್ಲಿ ಹೈಸ್ಕೂಲಿಗೆ ಸೇರುವ ಗಂಡು ಮಕ್ಕಳು ಎಷ್ಟು, ನಮ್ಮಲ್ಲಿ ಎಷ್ಟು? 30-40 ವರ್ಷದಲ್ಲಿ ಏನು ಬದಲಾಗಿದೆ? ಅಂಕಿ ಎಲ್ಲಿ ಸಿಗುತ್ತೆ?"

ಅಂಕಿ ಸಿಗುವುದು ಸುಲಭ. ದುಡ್ಡೂ ಕೊಡಬೇಕಿಲ್ಲ. ಆದರೆ ಸಿಕ್ಕಿದ ಅಂಕಿಯನ್ನು ಹಾಗೇ ಪಕ್ಕಪಕ್ಕ ಇಟ್ಟರೆ ಹತ್ತರಲ್ಲಿ ಎಂಟು ಸಲ ತಪ್ಪು ಉತ್ತರ ಬರುತ್ತದೆ. ಆ ಪ್ರಶ್ನೆಯಲ್ಲಿ ಇರುವ "ಹೈಸ್ಕೂಲ್" ಎಂಬ ಪದದಲ್ಲೇ ಮೊದಲ ತಪ್ಪು ಕೂತಿದೆ. ಅದಕ್ಕೇ ಅಂತಾರಾಷ್ಟ್ರೀಯ ಪಟ್ಟಿಗಳಲ್ಲಿ "ಲೋವರ್ ಸೆಕೆಂಡರಿ" ಎಂದು ಇರುವ ತರಗತಿಗಳನ್ನು ಹೋಲಿಸುವುದು ಹೇಗೆ ಎಂದು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಏನೇನು ಬೇಕು

ಒಂದು ಕಂಪ್ಯೂಟರ್ ಬೇಕು. ದೊಡ್ಡ ಪಟ್ಟಿಗಳನ್ನು ಮೊಬೈಲಿನಲ್ಲಿ ನೋಡುವುದು ಕಷ್ಟ. ಗೂಗಲ್ ಶೀಟ್ಸ್ ಅಥವಾ ಲಿಬ್ರೆಆಫೀಸ್ ಸಾಕು. ಜೊತೆಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ಅಂಕಿಯನ್ನು ಯಾವ ದಿನ ಎಲ್ಲಿಂದ ತೆಗೆದಿರಿ ಎಂದು ಅದರಲ್ಲಿ ಬರೆಯಬೇಕು. ಇದನ್ನು ಬಿಟ್ಟವರು ಆಮೇಲೆ ಕಷ್ಟಪಡುತ್ತಾರೆ. ಯಾಕೆ ಅಂತ ಹಂತ 5ರಲ್ಲಿ ಹೇಳುತ್ತೇನೆ.

ಹಂತ 1: "ಲೋವರ್ ಸೆಕೆಂಡರಿ" ಅಂದರೆ ಯಾವ ತರಗತಿ?

ನಮ್ಮ ಕಡೆ ಬಹಳ ವರ್ಷ 1ರಿಂದ 4 ಕಿರಿಯ ಪ್ರಾಥಮಿಕ, 5ರಿಂದ 7 ಹಿರಿಯ ಪ್ರಾಥಮಿಕ, 8ರಿಂದ 10 ಪ್ರೌಢಶಾಲೆ ಎಂದೇ ಇತ್ತು. ಇವತ್ತಿಗೂ ಮಂಡ್ಯದ ಎಷ್ಟೋ ಹಳ್ಳಿಗಳಲ್ಲಿ ಊರಿನ ಶಾಲೆ 7ಕ್ಕೆ ಮುಗಿಯುತ್ತದೆ. 8ಕ್ಕೆ ಹುಡುಗ ಸೈಕಲ್ ಹತ್ತಿ ಪಕ್ಕದ ಊರಿಗೆ ಹೋಗಬೇಕು. ಹೀಗಾಗಿ "ಸೆಕೆಂಡರಿ" ಎಂದು ಕಂಡ ಕೂಡಲೇ ನಮ್ಮ ಮನಸ್ಸು 8, 9, 10ಕ್ಕೆ ಹೋಗುತ್ತದೆ.

ಅಂತಾರಾಷ್ಟ್ರೀಯ ಪಟ್ಟಿಯ ಲೆಕ್ಕ ಬೇರೆ. ಎಲ್ಲ ದೇಶಗಳ ಶಾಲಾ ಹಂತಗಳನ್ನು ಒಂದೇ ಅಳತೆಗೆ ತರಲು ಯುನೆಸ್ಕೊ ಒಂದು ವರ್ಗೀಕರಣ ಮಾಡಿದೆ. ಅದರ ಹೆಸರು ಇಸ್ಕೆಡ್. ಅದರಲ್ಲಿ ಮಟ್ಟ 1 ಎಂದರೆ ಪ್ರಾಥಮಿಕ, ಮಟ್ಟ 2 ಲೋವರ್ ಸೆಕೆಂಡರಿ, ಮಟ್ಟ 3 ಅಪ್ಪರ್ ಸೆಕೆಂಡರಿ. ಭಾರತದ ಮಟ್ಟಿಗೆ ಮಟ್ಟ 2 ಎಂದರೆ 6, 7, 8ನೇ ತರಗತಿ. ವಯಸ್ಸು 11ರಿಂದ 13. ಅಂದರೆ ನಾವು ಯಾವುದನ್ನು ಹಿರಿಯ ಪ್ರಾಥಮಿಕ ಎನ್ನುತ್ತೇವೋ ಹೆಚ್ಚೂ ಕಡಿಮೆ ಅದೇ. 9ರಿಂದ 12 ಅಪ್ಪರ್ ಸೆಕೆಂಡರಿಗೆ ಹೋಗುತ್ತದೆ.

ಎಚ್ಚರಿಕೆ: ರಾಜ್ಯದ ವರದಿಯಿಂದ ಪ್ರೌಢಶಾಲೆಯ ಅಂಕಿ ತೆಗೆದು ಜಪಾನಿನ ಲೋವರ್ ಸೆಕೆಂಡರಿ ಅಂಕಿಯ ಪಕ್ಕ ಇಡಬೇಡಿ. ನಾನು ಕಂಡ ಪ್ರಾಜೆಕ್ಟುಗಳಲ್ಲಿ ಅತಿ ಹೆಚ್ಚು ಇರುವ ತಪ್ಪು ಇದೇ. ನಮ್ಮಲ್ಲಿ ಮಕ್ಕಳು ಶಾಲೆ ಬಿಡುವುದು 8ರ ನಂತರ ಜಾಸ್ತಿ. ಹಾಗಾಗಿ ಈ ತಪ್ಪಿನಿಂದ ಭಾರತದ ಗೆರೆ ಇರುವುದಕ್ಕಿಂತ ಕೆಳಗೆ ಕಾಣುತ್ತದೆ.

ಹಂತ 2: ದೇಶಗಳನ್ನು ಆರಿಸಿ, ತರಗತಿ ಪಟ್ಟಿ ಬರೆಯಿರಿ

ಮೂವತ್ತು ದೇಶ ಬೇಡ. ನಾಲ್ಕೈದು ಸಾಕು. ಆದರೆ ಆರಿಸಲು ಒಂದು ಕಾರಣ ಇರಲಿ. ನೆರೆಯ ದೇಶ, ಒಂದೇ ಕಾಲದಲ್ಲಿ ಕಡ್ಡಾಯ ಶಿಕ್ಷಣ ತಂದ ದೇಶ, ಆದಾಯದಲ್ಲಿ ನಮಗೆ ಹತ್ತಿರದ ದೇಶ, ಹೀಗೆ. ಸುಮ್ನೆ ಹೆಸರು ಚೆನ್ನಾಗಿದೆ ಅಂತ ಫಿನ್‌ಲೆಂಡನ್ನು ತಂದು ಕೂರಿಸಿದರೆ ಹೇಳಲು ಏನೂ ಸಿಗುವುದಿಲ್ಲ.

ಆಮೇಲೆ ನೋಟ್‌ಬುಕ್ಕಿನಲ್ಲಿ ಪ್ರತಿ ದೇಶದ ಎದುರು ಮೂರು ವಿಷಯ ಬರೆಯಿರಿ: ಲೋವರ್ ಸೆಕೆಂಡರಿ ಯಾವ ವಯಸ್ಸಿಗೆ ಶುರು, ಎಷ್ಟು ವರ್ಷ, ಯಾವ ತರಗತಿಗಳು. ವ್ಯತ್ಯಾಸ ಎಷ್ಟಿದೆ ಎಂದು ಆಗ ಗೊತ್ತಾಗುತ್ತದೆ.

ಬಾಂಗ್ಲಾದೇಶದ್ದು ನಮ್ಮ ಹಾಗೇ, 6ರಿಂದ 8. ಶ್ರೀಲಂಕಾದಲ್ಲಿ 6ರಿಂದ 9, ನಾಲ್ಕು ವರ್ಷ. ಜಪಾನ್‌ನಲ್ಲಿ ಆರು ವರ್ಷ ಪ್ರಾಥಮಿಕ ಮುಗಿಸಿ ಮೂರು ವರ್ಷ, ಅಂದರೆ ನಮ್ಮ ಲೆಕ್ಕದ 7, 8, 9. ಜರ್ಮನಿಯ ಬಹುತೇಕ ರಾಜ್ಯಗಳಲ್ಲಿ 4ನೇ ತರಗತಿ ಮುಗಿದ ಕೂಡಲೇ ಮುಂದಿನ ಹಂತ ಶುರು. ಅಲ್ಲಿ 10 ವರ್ಷದ ಹುಡುಗನೂ ಲೋವರ್ ಸೆಕೆಂಡರಿಯವನೇ.

ಕೀನ್ಯಾದ್ದು ಸ್ವಲ್ಪ ವಿಚಿತ್ರ. ಅಲ್ಲಿ ಬಹಳ ಕಾಲ ಪ್ರಾಥಮಿಕ ಶಾಲೆ 8ನೇ ತರಗತಿವರೆಗೆ ಇತ್ತು. ಆದರೆ ಯುನೆಸ್ಕೊ ಅದರ ಕೊನೆಯ ಎರಡು ತರಗತಿಗಳನ್ನು ಲೋವರ್ ಸೆಕೆಂಡರಿ ಎಂದೇ ಎಣಿಸುತ್ತಿತ್ತು. ಹುಡುಗ ಕೂತಿರುವುದು ಪ್ರಾಥಮಿಕ ಶಾಲೆಯ ಕಟ್ಟಡದಲ್ಲಿ, ಪಟ್ಟಿಯಲ್ಲಿ ಇರುವುದು ಸೆಕೆಂಡರಿಯಲ್ಲಿ! ಈಗ ಆ ದೇಶ ಪದ್ಧತಿಯನ್ನೇ ಬದಲಿಸಿದೆ. 2023ರಿಂದ 7, 8, 9 ಸೇರಿ ಜೂನಿಯರ್ ಹಂತ ಆಗಿದೆ. ಇಂಥ ದೇಶದ ಹಳೆಯ ಮತ್ತು ಹೊಸ ಅಂಕಿಗಳನ್ನು ಒಂದೇ ಗೆರೆಯಲ್ಲಿ ಜೋಡಿಸುವ ಮುನ್ನ ನಿಂತು ಯೋಚಿಸಬೇಕು.

ಹಂತ 3: ಯಾವ ಅಳತೆ? ಇಲ್ಲಿ ಅವಸರ ಬೇಡ

"ದಾಖಲಾತಿ ಪ್ರಮಾಣ" ಎಂಬ ಒಂದೇ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ಅಳತೆಗಳಿವೆ. ಒಂದು ಊರನ್ನು ಊಹಿಸಿಕೊಂಡು ನೋಡೋಣ. ಅಂಕಿಗಳು ಲೆಕ್ಕ ತಿಳಿಯಲು ನಾನೇ ಇಟ್ಟವು.

ಊರಿನಲ್ಲಿ 11ರಿಂದ 13 ವರ್ಷದ ಗಂಡು ಮಕ್ಕಳು 100 ಇದ್ದಾರೆ. ಅವರಲ್ಲಿ 88 ಹುಡುಗರು 6ರಿಂದ 8ನೇ ತರಗತಿಯಲ್ಲಿದ್ದಾರೆ. 7 ಮಂದಿ ಇನ್ನೂ 5ನೇ ತರಗತಿಯಲ್ಲೋ ಅದಕ್ಕಿಂತ ಕೆಳಗೋ ಇದ್ದಾರೆ. ಇಬ್ಬರು ಬೇಗ ಸೇರಿದ್ದರಿಂದ ಆಗಲೇ 9ಕ್ಕೆ ಹೋಗಿದ್ದಾರೆ. ಮೂವರು ಶಾಲೆಯಲ್ಲೇ ಇಲ್ಲ. ಇದಲ್ಲದೆ 6ರಿಂದ 8ರಲ್ಲಿ 14 ವರ್ಷ ದಾಟಿದ 15 ಹುಡುಗರು, 10 ವರ್ಷದ 4 ಹುಡುಗರು ಇದ್ದಾರೆ.

ಈಗ ಲೆಕ್ಕ ಹಾಕಿ.

ಒಟ್ಟು ದಾಖಲಾತಿ ಅನುಪಾತ, ಅಂದರೆ ಜಿಇಆರ್: ವಯಸ್ಸು ಎಷ್ಟೇ ಇರಲಿ, ಆ ತರಗತಿಗಳಲ್ಲಿ ಇರುವ ಎಲ್ಲರನ್ನೂ ಎಣಿಸಿ, ಆ ವಯಸ್ಸಿನ ಜನಸಂಖ್ಯೆಯಿಂದ ಭಾಗಿಸಿ, 100ರಿಂದ ಗುಣಿಸುವುದು. 88ಕ್ಕೆ 15, 4 ಸೇರಿಸಿದರೆ 107. ಜಿಇಆರ್ ಶೇ. 107.

ನಿವ್ವಳ ದಾಖಲಾತಿ ಪ್ರಮಾಣ: ಸರಿಯಾದ ವಯಸ್ಸಿನವರು ಸರಿಯಾದ ಹಂತದಲ್ಲಿ ಎಷ್ಟು? ಶೇ. 88.

ಒಟ್ಟು ನಿವ್ವಳ ಪ್ರಮಾಣ: ಆ ವಯಸ್ಸಿನವರು ಪ್ರಾಥಮಿಕ ಅಥವಾ ಸೆಕೆಂಡರಿಯ ಯಾವುದೇ ತರಗತಿಯಲ್ಲಿ ಇದ್ದರೂ ಸರಿ. 88, 7, 2 ಸೇರಿ ಶೇ. 97.

ಶಾಲೆಯಿಂದ ಹೊರಗೆ ಇರುವವರ ಪ್ರಮಾಣ: ಶೇ. 3.

ಒಂದೇ ಊರು, ಅದೇ ಹುಡುಗರು. ಅಂಕಿ ಮಾತ್ರ 107, 88, 97. ಒಂದು ದೇಶದ ಜಿಇಆರ್ ಪಕ್ಕದಲ್ಲಿ ಇನ್ನೊಂದು ದೇಶದ ನಿವ್ವಳ ಪ್ರಮಾಣ ಇಟ್ಟರೆ ಏನಾಗುತ್ತದೆ ಎಂದು ನೀವೇ ನೋಡಿ.

"ಶೇ. 107 ಹೇಗೆ ಸಾಧ್ಯ, ಟೈಪಿಂಗ್ ತಪ್ಪಲ್ವಾ?" ಎಂದು ಕೇಳುವವರು ಬಹಳ. ತಪ್ಪಲ್ಲ. ತಡವಾಗಿ ಸೇರಿದವರು, ಫೇಲಾಗಿ ಅಲ್ಲೇ ಉಳಿದವರು ಜಾಸ್ತಿ ಇದ್ದರೆ ಜಿಇಆರ್ 100 ದಾಟುತ್ತದೆ. ಆದ್ದರಿಂದ 107 ಇರುವ ದೇಶ 98 ಇರುವ ದೇಶಕ್ಕಿಂತ ಮುಂದಿದೆ ಎಂದು ಬರೆಯಬೇಡಿ. ಒಂದು ದೇಶ ಮಕ್ಕಳನ್ನು ಫೇಲ್ ಮಾಡುವುದನ್ನು ನಿಲ್ಲಿಸಿದರೆ ಅಲ್ಲಿನ ಜಿಇಆರ್ ಇಳಿಯಬಹುದು. ಒಬ್ಬ ಹುಡುಗನೂ ಶಾಲೆ ಬಿಟ್ಟಿರುವುದಿಲ್ಲ.

ಹಾಗಾದರೆ ಯಾವುದನ್ನು ಬಳಸಬೇಕು? ಹಳೆಯ ಕಾಲದಿಂದ ನೋಡಬೇಕು ಅಂದರೆ ಜಿಇಆರ್ ಬಿಟ್ಟು ಬೇರೆ ದಾರಿ ಕಡಿಮೆ. ಬಹಳ ದೇಶಗಳು ಮಕ್ಕಳ ವಯಸ್ಸಿನ ವಿವರವನ್ನು ತಡವಾಗಿ ಕೊಡಲು ಶುರು ಮಾಡಿದವು. ಈಚಿನ ವರ್ಷಗಳಿಗೆ ನಾನು ಶಾಲೆಯಿಂದ ಹೊರಗೆ ಇರುವವರ ಪ್ರಮಾಣವನ್ನೇ ಆರಿಸುತ್ತೇನೆ. ನಮಗೆ ನಿಜವಾಗಿ ಗೊತ್ತಾಗಬೇಕಾದ್ದು ಆ ಮೂವರು ಹುಡುಗರ ವಿಷಯ. ಜಿಇಆರ್ 107 ಎಂಬ ಅಂಕಿ ಅವರನ್ನು ಪೂರ್ತಿ ಮುಚ್ಚಿಬಿಡುತ್ತದೆ.

ಹಂತ 4: ಅಂಕಿ ಇಳಿಸಿಕೊಳ್ಳುವುದು

ಮೂಲ ಅಂಕಿ ಇರುವುದು ಯುನೆಸ್ಕೊ ಅಂಕಿಅಂಶ ಸಂಸ್ಥೆಯ ಹತ್ತಿರ. ಕೆನಡಾದ ಮಾಂಟ್ರಿಯಲ್‌ನಲ್ಲಿ ಅದರ ಕಚೇರಿ ಇದೆ. ಅದೇ ಅಂಕಿಯನ್ನು ವಿಶ್ವಬ್ಯಾಂಕ್ ತನ್ನ ಡೇಟಾಬ್ಯಾಂಕ್‌ನಲ್ಲಿ ಮತ್ತೆ ಕೊಡುತ್ತದೆ. ಹೊಸಬರಿಗೆ ಡೇಟಾಬ್ಯಾಂಕ್ ಸುಲಭ. ಅಲ್ಲಿ ಎಜುಕೇಶನ್ ಸ್ಟ್ಯಾಟಿಸ್ಟಿಕ್ಸ್ ಎಂಬ ಸಂಗ್ರಹ ತೆರೆಯಿರಿ. ಗ್ರಾಸ್ ಎನ್‌ರೋಲ್‌ಮೆಂಟ್ ರೇಷಿಯೊ, ಲೋವರ್ ಸೆಕೆಂಡರಿ, ಮೇಲ್ ಎಂಬ ಸಾಲನ್ನು ಹುಡುಕಿ. ದೇಶ ಆರಿಸಿ, ವರ್ಷ ಆರಿಸಿ, ಸಿಎಸ್‌ವಿ ಅಥವಾ ಎಕ್ಸೆಲ್ ರೂಪದಲ್ಲಿ ಇಳಿಸಿಕೊಳ್ಳಿ. ಫೀಮೇಲ್ ಸಾಲನ್ನೂ ಜೊತೆಗೇ ಇಳಿಸಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಸೆಕೆಂಡರಿ ಎಂದಷ್ಟೇ ಇರುವ ಸಾಲು ಬೇರೆ, ಲೋವರ್ ಸೆಕೆಂಡರಿ ಎಂದಿರುವ ಸಾಲು ಬೇರೆ. ಮೊದಲನೆಯದರಲ್ಲಿ ಭಾರತದ 6ರಿಂದ 12 ಪೂರ್ತಿ ಸೇರಿರುತ್ತದೆ. ಹೆಸರಿನ ಕೊನೆಯವರೆಗೂ ಓದಿ.

ಪಟ್ಟಿಗಳು ಸಾಮಾನ್ಯವಾಗಿ 1970ರಿಂದ ಶುರು. ಮೈಸೂರು ಸಂಸ್ಥಾನ 1913ರಲ್ಲೇ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಲು ಕಾನೂನು ತಂದಿತ್ತು. ಆ ಕಾಲದಿಂದಲೇ ಹೋಲಿಸುವ ಆಸೆ ನಮ್ಮವರಿಗೆ ಇರುತ್ತದೆ, ಅದು ಸಹಜ. ಆದರೆ ಆ ಕೆಲಸಕ್ಕೆ ಹಳೆಯ ಆಡಳಿತ ವರದಿಗಳನ್ನು ಓದಬೇಕು. ಈ ಪಟ್ಟಿಯಿಂದ ಅದು ಆಗುವುದಿಲ್ಲ.

ವರ್ಷದ ವಿಷಯದಲ್ಲಿ ಒಂದು ಮಾತು. ಶಾಲಾ ವರ್ಷ ಎರಡು ಕ್ಯಾಲೆಂಡರ್ ವರ್ಷಗಳಲ್ಲಿ ಹರಡಿದ್ದರೆ ಯುನೆಸ್ಕೊ ಅದನ್ನು ಮುಗಿಯುವ ವರ್ಷದ ಹೆಸರಿನಲ್ಲಿ ಬರೆಯುತ್ತದೆ. ನಮ್ಮ 2015-16 ಅಲ್ಲಿ 2016 ಆಗಿರುತ್ತದೆ. ದೇಶದ ವರದಿ ಮತ್ತು ಅಂತಾರಾಷ್ಟ್ರೀಯ ಪಟ್ಟಿ ಎರಡನ್ನೂ ಬಳಸುವವರು ಇಲ್ಲಿ ಒಂದು ವರ್ಷ ಆಚೀಚೆ ಆಗುತ್ತಾರೆ.

ಹಂತ 5: ಕೆಳಗಿನ ಸಂಖ್ಯೆಯನ್ನು ಮರೆಯಬೇಡಿ

ಭಾಗಾಕಾರದಲ್ಲಿ ಮೇಲಿನ ಸಂಖ್ಯೆ ಶಾಲೆಗಳಿಂದ ಬರುತ್ತದೆ. ಕೆಳಗಿನದು, ಅಂದರೆ ಆ ವಯಸ್ಸಿನ ಒಟ್ಟು ಹುಡುಗರ ಸಂಖ್ಯೆ, ಜನಸಂಖ್ಯೆಯ ಅಂದಾಜಿನಿಂದ ಬರುತ್ತದೆ. ವಿಶ್ವಸಂಸ್ಥೆಯ ಜನಸಂಖ್ಯಾ ವಿಭಾಗ ಈ ಅಂದಾಜನ್ನು ಆಗಾಗ ತಿದ್ದುತ್ತದೆ. 2019, 2022, 2024ರಲ್ಲಿ ಹೊಸ ಆವೃತ್ತಿಗಳು ಬಂದಿವೆ. ಅಂದಾಜು ಬದಲಾದರೆ ಹಳೆಯ ವರ್ಷಗಳ ಅನುಪಾತವೂ ಬದಲಾಗುತ್ತದೆ. ಹೋದ ವರ್ಷ ನೀವು ಇಳಿಸಿಕೊಂಡ 2010ರ ಅಂಕಿಗೂ ಈ ವರ್ಷ ಸಿಗುವ 2010ರ ಅಂಕಿಗೂ ವ್ಯತ್ಯಾಸ ಬರಬಹುದು. ನೋಟ್‌ಬುಕ್ಕಿನಲ್ಲಿ ದಿನಾಂಕ ಬರೆಯಿರಿ ಎಂದಿದ್ದು ಇದಕ್ಕೇ. ಎಲ್ಲ ದೇಶದ ಅಂಕಿಯನ್ನೂ ಒಂದೇ ದಿನ, ಒಂದೇ ಕಡೆಯಿಂದ ಇಳಿಸಿಕೊಳ್ಳಿ.

ಭಾರತದಲ್ಲಿ ಕೊನೆಯ ಪೂರ್ಣ ಜನಗಣತಿ ನಡೆದಿದ್ದು 2011ರಲ್ಲಿ. 2021ರದ್ದು ನಡೆಯಲಿಲ್ಲ. ಆದ್ದರಿಂದ ಈಚಿನ ವರ್ಷಗಳ ಕೆಳಗಿನ ಸಂಖ್ಯೆ ಹಳೆಯ ಗಣತಿಯಿಂದ ಮುಂದಕ್ಕೆ ಎಳೆದ ಅಂದಾಜು. ಒಂದೆರಡು ಶೇಕಡಾ ಅಂಶದ ಏರಿಳಿತಕ್ಕೆ ದೊಡ್ಡ ಅರ್ಥ ಕಟ್ಟಬೇಡಿ.

ಹಂತ 6: ಗೆರೆ ಎಲ್ಲಿ ಮುರಿದಿದೆ?

ಎಣಿಸುವ ರೀತಿ ಬದಲಾದಾಗ ಅಂಕಿ ಜಿಗಿಯುತ್ತದೆ ಅಥವಾ ಕುಸಿಯುತ್ತದೆ. ಇದನ್ನು ಸರಣಿ ಮುರಿಯುವುದು ಎನ್ನುತ್ತಾರೆ.

ನಮ್ಮದೇ ಉದಾಹರಣೆ ಇದೆ. ದೇಶದ ಶಾಲೆಗಳ ಅಂಕಿ ಸಂಗ್ರಹಿಸುವ ವ್ಯವಸ್ಥೆ ಯುಡೈಸ್ ಪ್ಲಸ್. ಅದರ ಪ್ರಕಾರ 2021-22ರಲ್ಲಿ ಪೂರ್ವ ಪ್ರಾಥಮಿಕದಿಂದ 12ರವರೆಗೆ ಸುಮಾರು 26.52 ಕೋಟಿ ಮಕ್ಕಳಿದ್ದರು. 2022-23ರಲ್ಲಿ ಸುಮಾರು 25.17 ಕೋಟಿ. ಒಂದೇ ವರ್ಷಕ್ಕೆ 1.35 ಕೋಟಿ ಕಡಿಮೆ! ಅಷ್ಟೂ ಮಕ್ಕಳು ಶಾಲೆ ಬಿಟ್ಟರು ಎಂದು ಬರೆದುಬಿಡಬೇಡಿ. ಅದಕ್ಕೂ ಮೊದಲು ಪ್ರತಿ ಶಾಲೆ ತನ್ನ ಒಟ್ಟು ಸಂಖ್ಯೆಯನ್ನು ಕೊಡುತ್ತಿತ್ತು. 2022-23ರಿಂದ ಒಬ್ಬೊಬ್ಬ ಮಗುವಿನ ವಿವರವನ್ನೂ ಬೇರೆ ಬೇರೆ ದಾಖಲಿಸಲು ಶುರು ಮಾಡಿದರು. ಹೀಗೆ ಮಾಡಿದಾಗ ಎರಡು ಕಡೆ ಹೆಸರು ಇದ್ದ ಮಕ್ಕಳನ್ನು ಗುರುತಿಸಲು ಆಗುತ್ತದೆ. ಹಿಂದಿನ ವರ್ಷಗಳ ಜೊತೆ ನೇರವಾಗಿ ಹೋಲಿಸಲು ಬರುವುದಿಲ್ಲ ಎಂದು ಸರ್ಕಾರವೇ ಹೇಳಿದೆ.

ಇಸ್ಕೆಡ್ ಕೂಡ ಎರಡು ಸಲ ಬದಲಾಗಿದೆ: 1997ರಲ್ಲಿ ಒಮ್ಮೆ, 2011ರಲ್ಲಿ ಇನ್ನೊಮ್ಮೆ. ಒಂದು ದೇಶದ ಗೆರೆ ಒಂದೇ ವರ್ಷದಲ್ಲಿ 10 ಅಂಶ ಮೇಲೆ ಅಥವಾ ಕೆಳಗೆ ಹೋದರೆ ಮೊದಲ ಅನುಮಾನ ಎಣಿಕೆಯ ಮೇಲೆ ಇರಲಿ. ಆ ವರ್ಷಕ್ಕೆ ಹಂತದ ಅವಧಿ ಅಥವಾ ಶುರುವಾಗುವ ವಯಸ್ಸು ಬದಲಾಗಿದೆಯೇ ಎಂದು ನೋಡಿ. ಆ ಸಾಲುಗಳೂ ಅದೇ ಡೇಟಾಬ್ಯಾಂಕ್‌ನಲ್ಲಿ ಸಿಗುತ್ತವೆ.

ಹಂತ 7: ಗ್ರಾಫ್

ಇದು ಸುಲಭ. ಅಡ್ಡಕ್ಕೆ ವರ್ಷ, ಉದ್ದಕ್ಕೆ ಶೇಕಡಾ, ದೇಶಕ್ಕೊಂದು ಗೆರೆ. ಎರಡು ಎಚ್ಚರಿಕೆ ಸಾಕು. ಅಂಕಿ ಇಲ್ಲದ ವರ್ಷವನ್ನು ಖಾಲಿ ಬಿಡಿ, ಅಲ್ಲಿ ಸೊನ್ನೆ ತುಂಬಬೇಡಿ. ಕೆಲವು ಫೈಲುಗಳಲ್ಲಿ ಅಂಕಿ ಇಲ್ಲದ ಕಡೆ ಎರಡು ಚುಕ್ಕಿ ಇರುತ್ತದೆ. ಅದನ್ನು ಶೀಟ್‌ನಲ್ಲಿ ಅಳಿಸಿ ಖಾಲಿ ಮಾಡಿ. ಇನ್ನೊಂದು, ಶೇ. 40 ಇದ್ದದ್ದು ಶೇ. 60 ಆದರೆ ಏರಿದ್ದು 20 ಅಂಶ. "ಶೇ. 20 ಏರಿಕೆ" ಎಂದು ಬರೆದರೆ ತಪ್ಪು. ಶೇಕಡಾ ಲೆಕ್ಕದಲ್ಲಿ ಅದು ಶೇ. 50 ಏರಿಕೆ.

ಹಂತ 8: ಗೆರೆ ಯಾಕೆ ಬಾಗಿದೆ ಎಂದು ಹುಡುಕುವುದು

ನನಗೆ ಅತಿ ಇಷ್ಟವಾದ ಭಾಗ ಇದು. ಗೆರೆ ಬಾಗಿದ ಜಾಗದ ಹಿಂದೆ ಸಾಮಾನ್ಯವಾಗಿ ಒಂದು ತೀರ್ಮಾನ ಇರುತ್ತದೆ. ದಕ್ಷಿಣ ಕೊರಿಯಾ 1969ರಲ್ಲಿ ಸೋಲ್‌ನಲ್ಲಿ, 1971ರ ಹೊತ್ತಿಗೆ ದೇಶಪೂರ್ತಿ, ಮಿಡ್ಲ್ ಸ್ಕೂಲ್ ಪ್ರವೇಶ ಪರೀಕ್ಷೆಯನ್ನು ತೆಗೆದುಹಾಕಿತು. 12 ವರ್ಷದ ಮಕ್ಕಳನ್ನು ಸೋಸುತ್ತಿದ್ದ ಜರಡಿ ಹೋಯಿತು. ಚೀನಾ 1986ರಲ್ಲಿ ಒಂಬತ್ತು ವರ್ಷದ ಕಡ್ಡಾಯ ಶಿಕ್ಷಣದ ಕಾನೂನು ಮಾಡಿತು. ಆರು ವರ್ಷ ಪ್ರಾಥಮಿಕ, ಮೂರು ವರ್ಷ ಲೋವರ್ ಸೆಕೆಂಡರಿ ಸೇರಿ ಒಂಬತ್ತು. ನಮ್ಮಲ್ಲಿ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು.

ಜನ ತಪ್ಪುವುದು ಎಲ್ಲಿ ಗೊತ್ತಾ? ಕಾನೂನು ಬಂದ ವರ್ಷದಲ್ಲೇ ಫಲ ಹುಡುಕುತ್ತಾರೆ. ಉಗಾಂಡ 1997ರಲ್ಲಿ ಪ್ರಾಥಮಿಕ ಶಿಕ್ಷಣದ ಫೀಸು ತೆಗೆಯಿತು. ಅಲ್ಲಿ ಪ್ರಾಥಮಿಕ ಏಳು ವರ್ಷ. ಆ ವರ್ಷ ಒಂದನೇ ತರಗತಿಗೆ ಸೇರಿದ ಹುಡುಗ ಲೋವರ್ ಸೆಕೆಂಡರಿಗೆ ಬರುವುದು 2004ಕ್ಕೆ. ನಮ್ಮಲ್ಲಿ 2010ರ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿದವನು 6ಕ್ಕೆ ಬಂದದ್ದು 2015ರ ಜೂನ್‌ನಲ್ಲಿ. ಹಂತ 4ರ ಲೆಕ್ಕದಲ್ಲಿ ಅದು 2016. ತರಗತಿ ಎಣಿಸಿ, ಅಷ್ಟು ವರ್ಷ ಮುಂದೆ ಹೋಗಿ ನೋಡಿ. ತಡವಾಗಿ ಸೇರಿದ ದೊಡ್ಡ ಹುಡುಗರೂ ಆ ಅಲೆಯಲ್ಲಿ ಇರುತ್ತಾರೆ. ಹಾಗಾಗಿ ಜಿಇಆರ್ ಕೆಲವು ವರ್ಷ ಉಬ್ಬಿ ಆಮೇಲೆ ಇಳಿಯಬಹುದು. ಆ ಇಳಿತವನ್ನು ಸೋಲು ಎಂದುಕೊಳ್ಳಬೇಡಿ.

ಹಂತ 9: ಹೆಣ್ಣು ಮಕ್ಕಳ ಸಾಲನ್ನು ಪಕ್ಕಕ್ಕೆ ತನ್ನಿ

ಹೆಣ್ಣು ಮಕ್ಕಳ ಜಿಇಆರ್ ಅನ್ನು ಗಂಡು ಮಕ್ಕಳ ಜಿಇಆರ್‌ನಿಂದ ಭಾಗಿಸಿದರೆ ಲಿಂಗ ಸಮಾನತೆ ಸೂಚ್ಯಂಕ ಬರುತ್ತದೆ. 0.97ರಿಂದ 1.03ರ ಒಳಗೆ ಇದ್ದರೆ ಸಮಾನತೆ ಇದೆ ಎನ್ನುತ್ತಾರೆ. ಈ ಅಂಕಿ ಏರಿದೆ ಎಂದು ಸಂತೋಷಪಡುವ ಮೊದಲು ಎರಡೂ ಸಾಲು ನೋಡಿ. ಹುಡುಗಿಯರು ಏರಿದ್ದರಿಂದಲೂ ಅದು ಏರುತ್ತದೆ, ಹುಡುಗರು ಇಳಿದಿದ್ದರಿಂದಲೂ ಏರುತ್ತದೆ.

ಬಾಂಗ್ಲಾದೇಶ 1994ರಲ್ಲಿ ಗ್ರಾಮೀಣ ಹುಡುಗಿಯರಿಗೆ ಸೆಕೆಂಡರಿ ಹಂತದಲ್ಲಿ ವಿದ್ಯಾರ್ಥಿ ವೇತನವನ್ನು ದೇಶಪೂರ್ತಿ ತಂದಿತು. ಆಮೇಲೆ ಹುಡುಗಿಯರು ಹುಡುಗರನ್ನು ದಾಟಿ ಮುಂದೆ ಹೋದರು. ಅದು ಒಳ್ಳೆಯ ಸುದ್ದಿ. ಜೊತೆಗೆ ಹುಡುಗರು ಎಲ್ಲಿ ನಿಂತರು ಎಂದೂ ಕೇಳಬೇಕು. ಆಫ್ರಿಕಾದ ಲೆಸೊಥೊದಲ್ಲಿ ಬಹಳ ಕಾಲದಿಂದ ಶಾಲೆಯಲ್ಲಿ ಹುಡುಗಿಯರೇ ಹೆಚ್ಚು. ಹುಡುಗರನ್ನು ದನ, ಕುರಿ ಕಾಯಲು ಬೆಟ್ಟಕ್ಕೆ ಕಳಿಸುವ ರೂಢಿ ಅದಕ್ಕೆ ಒಂದು ಮುಖ್ಯ ಕಾರಣ. "ಗಂಡು ಮಕ್ಕಳನ್ನು ಹೇಗೂ ಓದಿಸುತ್ತಾರೆ ಬಿಡಿ" ಎಂದು ನಮ್ಮಲ್ಲಿ ಸುಮ್ನೆ ಹೇಳಿಬಿಡುತ್ತೇವೆ. ಎಲ್ಲ ಕಡೆಯೂ ಹಾಗಿಲ್ಲ.

ಹಂತ 10: ಇನ್ನೊಂದು ಮೂಲದಿಂದ ಪರೀಕ್ಷಿಸಿ

ದಾಖಲಾತಿ ಎಂದರೆ ರಿಜಿಸ್ಟರಿನಲ್ಲಿ ಹೆಸರು ಇರುವುದು. ಹುಡುಗ ಬೆಂಚಿನ ಮೇಲೆ ಇದ್ದಾನೆ ಎಂದು ಅದು ಹೇಳುವುದಿಲ್ಲ. ಮಂಡ್ಯಕ್ಕೆ ಕಬ್ಬು ಕಡಿಯಲು ಹೊರಗಿನಿಂದ ಬಂದ ಕುಟುಂಬದ ಹುಡುಗನ ಹೆಸರು ಅವನ ಊರಿನ ಶಾಲೆಯಲ್ಲಿ ಇರುತ್ತದೆ. ಅವನು ಇರುವುದು ಗದ್ದೆಯ ಬದಿಯ ಗುಡಿಸಲಿನಲ್ಲಿ. ಭಾರತದ ಲೆಕ್ಕದಲ್ಲಿ ಅವನೂ ಒಬ್ಬ ವಿದ್ಯಾರ್ಥಿ. ಹೀಗೆ ರಿಜಿಸ್ಟರಿನಲ್ಲಿ ಮಾತ್ರ ಓದುವ ಹುಡುಗರು ಬೇರೆ ದೇಶಗಳಲ್ಲೂ ಇದ್ದಾರೆ.

ಆದ್ದರಿಂದ ಮನೆ ಮನೆಗೆ ಹೋಗಿ ಕೇಳುವ ಸಮೀಕ್ಷೆಗಳನ್ನೂ ನೋಡಿ. ನಮ್ಮಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದೆ. ಗ್ರಾಮೀಣ ಮಕ್ಕಳ ಬಗ್ಗೆ ಪ್ರಥಮ್ ಸಂಸ್ಥೆಯ ಅಸರ್ ವರದಿ 2005ರಿಂದ ಬರುತ್ತಿದೆ. ಬೇರೆ ದೇಶಗಳಿಗೆ ಯುನಿಸೆಫ್ ನೆರವಿನ ಮಿಕ್ಸ್ ಸಮೀಕ್ಷೆಗಳಿವೆ. ಶಾಲೆಯ ಅಂಕಿ ಮತ್ತು ಮನೆಯ ಅಂಕಿ ಒಂದೇ ದಿಕ್ಕಿಗೆ ಹೋದರೆ ಧೈರ್ಯವಾಗಿ ಬರೆಯಿರಿ. ಎರಡೂ ಬೇರೆ ಬೇರೆ ಹೇಳಿದರೆ ಎರಡನ್ನೂ ಕೊಡಿ, ವ್ಯತ್ಯಾಸ ಇದೆ ಎಂದೂ ಬರೆಯಿರಿ. ಮುಚ್ಚಿಡಬೇಡಿ.

ಕೊನೆಗೆ ಗ್ರಾಫಿನ ಕೆಳಗೆ ಐದು ವಿಷಯ ಇರಲೇಬೇಕು: ಯಾವ ಅಳತೆ, ಪ್ರತಿ ದೇಶದಲ್ಲಿ ಯಾವ ತರಗತಿಗಳು, ಯಾವ ಮೂಲ, ಇಳಿಸಿಕೊಂಡ ದಿನ, ಎಲ್ಲಿ ಸರಣಿ ಮುರಿದಿದೆ. ಮುಗಿದ ಮೇಲೆ ಸಾಧ್ಯವಾದರೆ ನಿಮ್ಮ ಹತ್ತಿರದ ಒಂದು ಶಾಲೆಗೆ ಹೋಗಿ. ಮದ್ದೂರೋ, ಮಳವಳ್ಳಿಯೋ, ಹುಣಸೂರೋ, ಎಲ್ಲಾದರೂ ಸರಿ. 7ನೇ ತರಗತಿ ಮುಗಿಸಿದ ಹುಡುಗರಲ್ಲಿ ಎಷ್ಟು ಮಂದಿ 8ಕ್ಕೆ ಪಕ್ಕದ ಊರಿನ ಶಾಲೆ ಸೇರಿದರು ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ. ಅವರ ಹತ್ತಿರ ಹೆಸರುಗಳೇ ಇರುತ್ತವೆ.